ಒಂದಕ್ಷರದ ರೋಗ, 18 ಕೋಟಿಯ ಮದ್ದು

ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧವೊಂದಿದೆ. ದಿನಕ್ಕೊಂದು ಗುಳಿಗೆ, ಬೆಲೆ ಕೆಲವೇ ರೂಪಾಯಿ. ಕ್ಯಾಸ್ಜೆವಿ ಎಂಬ ಹೊಸ ಚಿಕಿತ್ಸೆಯೊಂದಿದೆ. ಅಮೆರಿಕದಲ್ಲಿ ಅದಕ್ಕೆ 2023ರಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 18 ಕೋಟಿ ರೂಪಾಯಿ. ಎರಡೂ ಸಿಕಲ್ ಸೆಲ್ ರಕ್ತಹೀನತೆ ಎಂಬ ಒಂದೇ ರೋಗಕ್ಕೆ. ಇನ್ನೂ ಅಚ್ಚರಿಯೆಂದರೆ, ಎರಡೂ ರಕ್ತದೊಳಗೆ ಮಾಡುವ ಮುಖ್ಯ ಕೆಲಸವೂ ಒಂದೇ: ಹುಟ್ಟಿದ ಮೇಲೆ ದೇಹ ಕೈಬಿಟ್ಟಿದ್ದ ಹಿಮೋಗ್ಲೋಬಿನ್ನೊಂದನ್ನು ಮತ್ತೆ ತಯಾರಿಸುವಂತೆ ಮಾಡುವುದು. ಗುಳಿಗೆ ಅದನ್ನು ದಿನದಿನವೂ ಒಂದಿಷ್ಟು ಮಾಡಿಸುತ್ತದೆ. ಕ್ಯಾಸ್ಜೆವಿ ಜೀನ್ ಎಡಿಟಿಂಗ್ ಮೂಲಕ ಒಮ್ಮೆಗೇ ಮಾಡಿ ಮುಗಿಸುತ್ತದೆ.

ಹೊಸ ತಂತ್ರಜ್ಞಾನದ ಸುದ್ದಿ ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, ‘ಇದು ನಿಜಕ್ಕೂ ಸಾಧ್ಯವೇ?’ ಮನುಷ್ಯನ ವಂಶವಾಹಿಯನ್ನು ತಿದ್ದಿ ರೋಗ ಗುಣಪಡಿಸುವ ವಿಚಾರದಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಸಾಧ್ಯವಾದದ್ದು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೋ ಎಚ್.ಡಿ. ಕೋಟೆ ಕಾಡಂಚಿನ ಗಿರಿಜನರ ಹಾಡಿಗೋ ಮುಟ್ಟಬೇಕಾದರೆ ಇನ್ನೇನು ಆಗಬೇಕು ಎಂಬುದು ಎರಡನೆಯ ಪ್ರಶ್ನೆ. ಈ ತಂತ್ರಜ್ಞಾನದ ಮುಂದಿನ ದಾರಿಯನ್ನು ತೀರ್ಮಾನಿಸುವುದು ಈ ಎರಡನೆಯ ಪ್ರಶ್ನೆಯೇ.

ಕುಡುಗೋಲಾಗುವ ಕಣ

ಕೆಂಪು ರಕ್ತಕಣದ ತುಂಬ ಇರುವುದು ಹಿಮೋಗ್ಲೋಬಿನ್. ಎರಡು ಆಲ್ಫಾ, ಎರಡು ಬೀಟಾ, ಹೀಗೆ ನಾಲ್ಕು ಪ್ರೋಟೀನ್ ಸರಪಳಿಗಳು ಸೇರಿ ಅದು ಆಗುತ್ತದೆ. ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲವಾಗಿರಬೇಕು. ಸಿಕಲ್ ಸೆಲ್ ಇರುವವರಲ್ಲಿ ಆ ಜಾಗದಲ್ಲಿ ವ್ಯಾಲೀನ್ ಬಂದು ಕೂತಿರುತ್ತದೆ. ಕಾರಣ ಇಷ್ಟೇ: 11ನೇ ವರ್ಣತಂತುವಿನಲ್ಲಿರುವ ಬೀಟಾ ಗ್ಲೋಬಿನ್ ಜೀನ್‌ನಲ್ಲಿ ‘ಎ’ ಇರಬೇಕಾದ ಕಡೆ ‘ಟಿ’ ಇದೆ. 300 ಕೋಟಿಗೂ ಹೆಚ್ಚು ಅಕ್ಷರಗಳಿರುವ ಡಿಎನ್‌ಎಯಲ್ಲಿ ತಪ್ಪಿದ್ದು ಒಂದೇ ಅಕ್ಷರ.

ಆ ಒಂದಕ್ಷರಕ್ಕೆ ತೆರಬೇಕಾದ ದಂಡ ದೊಡ್ಡದು. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ದುಂಡಗೆ, ಮೆತ್ತಗೆ ಇರಬೇಕಾದ ಕಣ ಬಿರುಸಾಗಿ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ರಕ್ತ ಹರಿಯದ ಕಡೆಯಲ್ಲೆಲ್ಲ ನೋವು. ಮೂಳೆಯಲ್ಲಿ, ಎದೆಯಲ್ಲಿ, ಬೆನ್ನಿನಲ್ಲಿ. ಗುಲ್ಮ ಹಾಳಾಗುತ್ತದೆ, ಸೋಂಕುಗಳು ಸುಲಭವಾಗಿ ತಗಲುತ್ತವೆ, ಕೆಲವರಿಗೆ ಎಳೆವಯಸ್ಸಿನಲ್ಲೇ ಪಾರ್ಶ್ವವಾಯು ಬಡಿಯುತ್ತದೆ. 120 ದಿನ ಬಾಳಬೇಕಾದ ಕೆಂಪುಕಣ 10-20 ದಿನಗಳಲ್ಲೇ ಸಾಯುವುದರಿಂದ ರಕ್ತಹೀನತೆ ಎಂದೂ ತಪ್ಪುವುದಿಲ್ಲ.

ತಂದೆಯಿಂದಲೂ ತಾಯಿಯಿಂದಲೂ ಈ ಜೀನ್ ಬಂದರೆ ಮಾತ್ರ ರೋಗ. ಒಬ್ಬರಿಂದ ಬಂದರೆ ಆ ವ್ಯಕ್ತಿ ಬರೀ ವಾಹಕ, ಸಾಮಾನ್ಯವಾಗಿ ಆರೋಗ್ಯವಂತ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಶೇ 25. ಇಷ್ಟು ಕೆಟ್ಟ ಜೀನ್ ತಲೆಮಾರುಗಳಿಂದ ಅಳಿಯದೆ ಉಳಿದದ್ದು ಏಕೆ? 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಉತ್ತರ ಕಂಡುಕೊಂಡರು. ವಾಹಕರಿಗೆ ಮಾರಣಾಂತಿಕ ಮಲೇರಿಯಾದಿಂದ ಒಂದು ಮಟ್ಟದ ರಕ್ಷಣೆ ಸಿಗುತ್ತದೆ. ಮಲೇರಿಯಾ ಕಾಡುತ್ತಿದ್ದ ಸೀಮೆಗಳಲ್ಲಿ ಈ ಜೀನ್ ಹೆಚ್ಚಾಗಿ ಕಾಣುವುದು ಅದಕ್ಕೇ. ಆಫ್ರಿಕಾ, ಅರೇಬಿಯಾ, ಮೆಡಿಟರೇನಿಯನ್ ಕರಾವಳಿ ಮತ್ತು ಭಾರತದ ಕಾಡುಗಳು ಈ ನಕ್ಷೆಯಲ್ಲಿವೆ.

ವೈದ್ಯಲೋಕ ಈ ರೋಗವನ್ನು ಗುರುತಿಸಿದ್ದು 1910ರಲ್ಲಿ. ಕೆರಿಬಿಯನ್‌ನ ಗ್ರೆನಾಡದಿಂದ ಓದಲು ಬಂದ ದಂತವೈದ್ಯ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕಂಡ ವಿಚಿತ್ರ ಕಣಗಳನ್ನು ಶಿಕಾಗೊದ ಜೇಮ್ಸ್ ಹೆರಿಕ್ ವರದಿ ಮಾಡಿದರು. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು, ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲೇ ಎಂದು ತೋರಿಸಿದರು. ರೋಗವೊಂದರ ಮೂಲ ಒಂದು ಅಣುವಿನಲ್ಲಿದೆ ಎಂದು ಸಾಬೀತಾದದ್ದು ಅದೇ ಮೊದಲು. 1957ರಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್, ಬದಲಾದದ್ದು ಒಂದೇ ಅಮೈನೋ ಆಮ್ಲ ಎಂದು ಪತ್ತೆಮಾಡಿದರು. ಕಾರಣ ಗೊತ್ತಾಗಿತ್ತು. ಅದನ್ನು ಸರಿಪಡಿಸುವ ಉಪಕರಣಕ್ಕಾಗಿ ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು.

ಹಸುಗೂಸುಗಳು ಕೊಟ್ಟ ಸುಳಿವು

ಪರಿಹಾರದ ಸುಳಿವು ಸಿಕ್ಕಿದ್ದು ಅದಕ್ಕೂ ಮೊದಲೇ. 1948ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಒಂದು ಸಂಗತಿ ಗಮನಿಸಿದರು. ಈ ಜೀನ್ ಹೊತ್ತು ಹುಟ್ಟಿದ ಕೂಸುಗಳ ರಕ್ತಕಣಗಳು ಮೊದಲ ಕೆಲವು ತಿಂಗಳು ಅಷ್ಟಾಗಿ ಬಾಗುವುದಿಲ್ಲ. ಗರ್ಭದಲ್ಲಿರುವ ಮಗು ಬಳಸುವುದು ಬೇರೆಯೇ ಹಿಮೋಗ್ಲೋಬಿನ್. ಹುಟ್ಟಿದ ಮೇಲೆ ಅದರ ತಯಾರಿ ನಿಧಾನವಾಗಿ ನಿಂತು, ದೊಡ್ಡವರ ಹಿಮೋಗ್ಲೋಬಿನ್ ಆ ಜಾಗ ಹಿಡಿಯುತ್ತದೆ. ತೊಂದರೆ ಶುರುವಾಗುವುದೇ ಆಗ. ದೊಡ್ಡವರಾದ ಮೇಲೂ ಭ್ರೂಣದ ಹಿಮೋಗ್ಲೋಬಿನ್ ಉಳಿಸಿಕೊಂಡ ಅಪರೂಪದ ಜನರಿದ್ದಾರೆ. ಅವರಲ್ಲಿ ಸಿಕಲ್ ಜೀನ್ ಇದ್ದರೂ ರೋಗ ಸೌಮ್ಯವಾಗಿರುತ್ತದೆ.

ಹಾಗಾದರೆ ಅದರ ತಯಾರಿಯನ್ನು ನಿಲ್ಲಿಸುವುದು ಯಾವುದು? 2008ರಲ್ಲಿ ಹಾರ್ವರ್ಡ್‌ನ ಸ್ಟುವರ್ಟ್ ಆರ್ಕಿನ್ ಮತ್ತು ಅವರ ಪ್ರಯೋಗಾಲಯದಲ್ಲಿದ್ದ ವಿಜಯ್ ಶಂಕರನ್ ಉತ್ತರ ಕೊಟ್ಟರು: ಬಿಸಿಎಲ್11ಎ ಎಂಬ ಜೀನ್. ಅದು ಕಾಲುವೆಯ ತೂಬಿನ ಹಲಗೆಯಿದ್ದಂತೆ. ಹುಟ್ಟಿದ ಮೇಲೆ ಹಲಗೆ ಇಳಿಯುತ್ತದೆ, ಭ್ರೂಣದ ಹಿಮೋಗ್ಲೋಬಿನ್ ಹರಿವು ನಿಲ್ಲುತ್ತದೆ. ಹಲಗೆಯನ್ನು ತೆಗೆದುಬಿಟ್ಟರೆ ಹರಿವು ಮತ್ತೆ ಬರಬೇಕು. ಸಿಕಲ್ ಜೀನ್‌ನ ತಪ್ಪಕ್ಷರವನ್ನು ಮುಟ್ಟಬೇಕೆಂದೇ ಇಲ್ಲ. ಆದರೆ ಈ ಜೀನ್‌ಗೆ ದೇಹದ ಬೇರೆಡೆ ಬೇರೆ ಕೆಲಸಗಳಿವೆ. ಪೂರ್ತಿ ಕೆಡಿಸುವಂತಿಲ್ಲ. ಕೆಂಪುಕಣಗಳಾಗುವ ಕೋಶಗಳಲ್ಲಿ ಮಾತ್ರ ಅದನ್ನು ಚುರುಕಾಗಿಸುವ ಡಿಎನ್‌ಎ ತುಣುಕೊಂದು ಆಮೇಲೆ ಪತ್ತೆಯಾಯಿತು. ಕತ್ತರಿಸಬೇಕಾದ ಜಾಗ ಈಗ ಖಚಿತವಾಗಿತ್ತು.

ಮೊಸರಿನ ಬ್ಯಾಕ್ಟೀರಿಯಾ ತೋರಿಸಿದ ದಾರಿ

ಕತ್ತರಿಸುವ ಉಪಕರಣ ಬಂದದ್ದು ಯಾರೂ ಎಣಿಸದ ಕಡೆಯಿಂದ. 1987ರಲ್ಲಿ ಜಪಾನಿನ ಯೋಶಿಜುಮಿ ಇಶಿನೊ ಮತ್ತು ಸಂಗಡಿಗರು ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಒಂದು ವಿನ್ಯಾಸವನ್ನು ಕಂಡರು. ಅದು ಏಕೆ ಇದೆಯೆಂದು ತಿಳಿಯಲಿಲ್ಲ. ಉಪ್ಪುನೀರಿನ ಸೂಕ್ಷ್ಮಜೀವಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿದ ಸ್ಪೇನಿನ ಫ್ರಾನ್ಸಿಸ್ಕೊ ಮೊಹಿಕಾ, ಇದು ಬ್ಯಾಕ್ಟೀರಿಯಾಗಳ ರೋಗನಿರೋಧಕ ವ್ಯವಸ್ಥೆಯಿರಬೇಕು ಎಂದು 2005ರಲ್ಲಿ ಹೇಳಿದರು. ಒಮ್ಮೆ ದಾಳಿ ಮಾಡಿದ ವೈರಸ್ಸಿನ ಡಿಎನ್‌ಎ ತುಣುಕನ್ನು ನೆನಪಿಗಾಗಿ ಇಟ್ಟುಕೊಂಡು, ಅದು ಮತ್ತೆ ಬಂದಾಗ ಗುರುತಿಸಿ ಕತ್ತರಿಸುವ ವ್ಯವಸ್ಥೆ. 2007ರಲ್ಲಿ ಡ್ಯಾನಿಸ್ಕೊ ಕಂಪನಿಯ ವಿಜ್ಞಾನಿಗಳು ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾದ ಮೇಲೆ ಪ್ರಯೋಗ ಮಾಡಿ ಅದನ್ನು ಸಾಬೀತುಪಡಿಸಿದರು. ಅವರಿಗೆ ಬೇಕಿದ್ದದ್ದು ವೈರಸ್ಸಿಗೆ ಬಗ್ಗದ ಹೆಪ್ಪು, ಅಷ್ಟೇ.

2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪಾಂಟಿಯೆ ಈ ವ್ಯವಸ್ಥೆಯನ್ನು ಬ್ಯಾಕ್ಟೀರಿಯಾದಿಂದ ಹೊರತೆಗೆದು ಸರಳಗೊಳಿಸಿದರು. ಕ್ಯಾಸ್9 ಎಂಬ ಕಿಣ್ವ, ಜೊತೆಗೆ ದಾರಿ ತೋರಿಸಲು ಆರ್‌ಎನ್‌ಎಯ ಒಂದು ತುಂಡು. ಆರ್‌ಎನ್‌ಎಯಲ್ಲಿ ಯಾವ ವಿಳಾಸ ಬರೆದರೆ ಕಿಣ್ವ ಡಿಎನ್‌ಎಯ ಆ ಜಾಗಕ್ಕೆ ಹೋಗಿ ಕತ್ತರಿಸುತ್ತದೆ. ಹಿಂದಿನ ವಿಧಾನಗಳಲ್ಲಿ ಪ್ರತಿ ವಿಳಾಸಕ್ಕೂ ಹೊಸ ಪ್ರೋಟೀನ್ ಕಟ್ಟಬೇಕಿತ್ತು. ಇಲ್ಲಿ ಆರ್‌ಎನ್‌ಎ ಬದಲಿಸಿದರೆ ಸಾಕು. ಕ್ರಿಸ್ಪರ್ ಎಂಬ ಹೆಸರಿನ ಈ ಉಪಕರಣ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಹಬ್ಬಿದ್ದಕ್ಕೆ ಈ ಸರಳತೆಯೇ ಕಾರಣ. ಇಬ್ಬರಿಗೂ 2020ರ ರಸಾಯನ ವಿಜ್ಞಾನದ ನೊಬೆಲ್ ಬಂತು.

2019ರ ಜುಲೈನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಮಿಸಿಸಿಪ್ಪಿ ರಾಜ್ಯದ ವಿಕ್ಟೋರಿಯಾ ಗ್ರೇ ಎಂಬ ನಾಲ್ಕು ಮಕ್ಕಳ ತಾಯಿ, ಬಿಸಿಎಲ್11ಎ ಹಲಗೆಯನ್ನು ಕ್ರಿಸ್ಪರ್ ತೆಗೆದಿದ್ದ ತಮ್ಮದೇ ಕೋಶಗಳನ್ನು ಮರಳಿ ಪಡೆದರು. ಆ ದೇಶದಲ್ಲಿ ಸಿಕಲ್ ಸೆಲ್‌ಗೆ ಕ್ರಿಸ್ಪರ್ ಚಿಕಿತ್ಸೆ ಪಡೆದ ಮೊದಲಿಗರು ಅವರು. ಬಾಲ್ಯದಿಂದ ಆಸ್ಪತ್ರೆಗೆ ಅಲೆಯುವಂತೆ ಮಾಡಿದ್ದ ನೋವಿನ ಕಾಟ ನಿಂತಿತು. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಕ್ಯಾಸ್ಜೆವಿ ಎಂಬ ಈ ಚಿಕಿತ್ಸೆಗೆ ಮಂಜೂರಾತಿ ಕೊಟ್ಟವು. ಅಮೆರಿಕದ ಎಫ್‌ಡಿಎ ಪರಿಶೀಲಿಸಿದ, ಸಾಕಷ್ಟು ಕಾಲ ನಿಗಾದಲ್ಲಿದ್ದ 31 ರೋಗಿಗಳಲ್ಲಿ 29 ಮಂದಿ ಕನಿಷ್ಠ 12 ತಿಂಗಳು ಸತತವಾಗಿ ತೀವ್ರ ನೋವಿನ ಬಾಧೆಯಿಲ್ಲದೆ ಕಳೆದಿದ್ದರು.

ಬೆಲೆ ಎಲ್ಲಿಂದ ಬರುತ್ತದೆ

18 ಕೋಟಿ ಎಂದ ತಕ್ಷಣ ಔಷಧ ಕಂಪನಿಯ ದುರಾಸೆ ಎಂದು ಹೇಳಿ ಮುಗಿಸುವುದು ಸುಲಭ. ಲಾಭದ ಲೆಕ್ಕವೂ ಅದರಲ್ಲಿದೆ, ನಿಜ. ಆದರೆ ಚಿಕಿತ್ಸೆಯ ಹಂತಗಳನ್ನು ನೋಡಿದರೆ ಅದು ಬಡದೇಶಗಳಿಗೆ ಏಕೆ ದೂರ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ರೋಗಿಯ ರಕ್ತದಿಂದ, ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳನ್ನು ಬೇರ್ಪಡಿಸಬೇಕು. ಸಾಕಾಗದಿದ್ದರೆ ಮತ್ತೊಮ್ಮೆ, ಮಗದೊಮ್ಮೆ. ಅವುಗಳನ್ನು ವಿಶೇಷ ಕಾರ್ಖಾನೆಗೆ ಕಳಿಸಿ, ತಿದ್ದಿ, ತಪಾಸಣೆ ಮಾಡಿ ಮರಳಿ ತರಲು ತಿಂಗಳುಗಳೇ ಬೇಕು. ಒಬ್ಬರಿಗಾಗಿ ಮಾಡಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಆಮೇಲೆ ಬುಸಲ್ಫಾನ್ ಎಂಬ ತೀಕ್ಷ್ಣ ಕಿಮೊಥೆರಪಿ ಕೊಟ್ಟು ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡಬೇಕು. ಇಲ್ಲದಿದ್ದರೆ ಹೊಸ ಕೋಶಗಳಿಗೆ ಜಾಗವಿರುವುದಿಲ್ಲ. ಅಲ್ಲಿಂದ ಮುಂದಿನ ವಾರಗಳು ಸೋಂಕು ತಗಲದಂತೆ ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ. ಈ ಔಷಧದಿಂದ ಮುಂದೆ ಮಕ್ಕಳಾಗದಿರುವ ಅಪಾಯವೂ ಉಂಟು. ಅಂದರೆ ಜೀನ್ ತಿದ್ದುವುದು ಇಡೀ ಚಿಕಿತ್ಸೆಯ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಅಸ್ಥಿಮಜ್ಜೆ ಕಸಿಯ ಹಳೆಯ, ಕಷ್ಟದ, ದುಬಾರಿ ವೈದ್ಯಕೀಯ. ನಾಳೆ ಯಾರಾದರೂ ಔಷಧವನ್ನು ಪುಕ್ಕಟೆ ಕೊಟ್ಟರೂ, ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ಮಾಡಲಾಗದು.

ಹಾಗಾಗಿ ವಿಜ್ಞಾನಿಗಳ ಗಮನ ಈಗ ಈ ಹಂತಗಳನ್ನೇ ಇಲ್ಲವಾಗಿಸುವುದರ ಕಡೆಗಿದೆ. ಕೋಶವನ್ನು ಹೊರತೆಗೆಯದೆ, ಒಂದು ಚುಚ್ಚುಮದ್ದಿನಿಂದ ದೇಹದೊಳಗೇ ತಿದ್ದಲಾದೀತೆ? ಯಕೃತ್ತಿನ ಮಟ್ಟಿಗೆ ಆಗುತ್ತದೆ ಎಂದು 2021ರಲ್ಲಿ ಇಂಟೆಲಿಯಾ ಕಂಪನಿಯ ಪ್ರಯೋಗ ತೋರಿಸಿತು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳನ್ನು ಸಾಗಿಸಿದಂಥ ಸೂಕ್ಷ್ಮ ಕೊಬ್ಬಿನ ಕಣಗಳೇ ಇಲ್ಲಿ ಕ್ರಿಸ್ಪರನ್ನು ಹೊತ್ತೊಯ್ದವು. ರಕ್ತಕ್ಕೆ ಸೇರಿದ ಇಂಥ ಕಣಗಳು ಸಹಜವಾಗಿ ಯಕೃತ್ತಿಗೆ ಹೋಗಿ ಸೇರುತ್ತವೆ. ಅಸ್ಥಿಮಜ್ಜೆಯ ಆಳದಲ್ಲಿರುವ ಕಾಂಡಕೋಶಗಳಿಗೆ ಅವುಗಳನ್ನು ಮುಟ್ಟಿಸುವುದು ಇನ್ನೂ ಬಿಡಿಸಬೇಕಾದ ಗಂಟು. ಸಿಕಲ್ ಸೆಲ್ ಮಟ್ಟಿಗೆ ಮುಂದಿನ ದೊಡ್ಡ ಸುದ್ದಿ ಬರಬೇಕಾದದ್ದು ಇಲ್ಲಿಂದ.

ತಿದ್ದುವ ವಿಧಾನವೂ ನಯವಾಗುತ್ತಿದೆ. ಹಾರ್ವರ್ಡ್‌ನ ಡೇವಿಡ್ ಲಿಯು ಅವರ ತಂಡ 2016ರಲ್ಲಿ ಪ್ರಕಟಿಸಿದ ಬೇಸ್ ಎಡಿಟಿಂಗ್, ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸದೆ ಒಂದಕ್ಷರವನ್ನು ಇನ್ನೊಂದಾಗಿ ಮಾರ್ಪಡಿಸುತ್ತದೆ. ಸಿಕಲ್‌ನ ‘ಟಿ’ಯನ್ನು ನೇರ ‘ಎ’ ಮಾಡಲು ಇದಕ್ಕೆ ಬಾರದು. ಆದರೆ ‘ಸಿ’ ಮಾಡಬಹುದು. ಆಗ ದೊರೆಯುವುದು ಇಂಡೋನೇಷ್ಯಾದ ಮಕಸ್ಸರ್ ನಗರದ ಹೆಸರು ಹೊತ್ತ, ಕೆಲವರಲ್ಲಿ ಸಹಜವಾಗಿಯೇ ಇರುವ ನಿರಪಾಯ ಹಿಮೋಗ್ಲೋಬಿನ್. 2021ರಲ್ಲಿ ಇಲಿಗಳಲ್ಲಿ ಇದು ಫಲಿಸಿತು.

ಬೇಸ್ ಎಡಿಟಿಂಗ್ ಏನು ಮಾಡಬಲ್ಲದೆಂದು ಜಗತ್ತಿಗೆ ತೋರಿಸಿದ್ದು ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಒಂದು ಕೂಸು. ಕೆ.ಜೆ. ಎಂದು ಸುದ್ದಿಯಾದ ಈ ಗಂಡುಮಗು 2024ರಲ್ಲಿ ಹುಟ್ಟಿದಾಗಲೇ ಯಕೃತ್ತಿನ ಒಂದು ಕಿಣ್ವದ ಕೊರತೆಯಿಂದ ರಕ್ತದಲ್ಲಿ ಅಮೋನಿಯಾ ಏರುತ್ತಿತ್ತು. ಸುಮಾರು 13 ಲಕ್ಷದಲ್ಲಿ ಒಬ್ಬರಿಗೆ ಬರುವ ರೋಗ. ವೈದ್ಯೆ ರೆಬೆಕಾ ಅಹ್ರೆನ್ಸ್-ನಿಕ್ಲಾಸ್, ವೈದ್ಯ ಕಿರಣ್ ಮುಸುನೂರು ಮತ್ತು ಸಹೋದ್ಯೋಗಿಗಳು ಆ ಒಂದು ಮಗುವಿನ ಜೀನ್‌ನಲ್ಲಿದ್ದ ಒಂದು ತಪ್ಪಿಗಾಗಿಯೇ ಆರು ತಿಂಗಳಲ್ಲಿ ಔಷಧ ರೂಪಿಸಿದರು. 2025ರ ಫೆಬ್ರುವರಿಯಲ್ಲಿ ಮೊದಲ ಡೋಸ್. ಒಟ್ಟು ಮೂರು ಡೋಸ್‌ಗಳ ನಂತರ ಮಗು ಚೇತರಿಸಿಕೊಂಡು ಮನೆಗೆ ಹೋಯಿತು. ಲಕ್ಷಾಂತರ ಗಿರಾಕಿಗಳಿಲ್ಲದ ರೋಗಕ್ಕೆ ಔಷಧವೇ ಬರುವುದಿಲ್ಲ ಎಂಬ ಹಳೆಯ ಲೆಕ್ಕವನ್ನು ಈ ಪ್ರಕರಣ ಅಲ್ಲಾಡಿಸಿತು.

ಎಚ್ಚರಿಕೆಯ ಪಾಠಗಳೂ ಇವೆ. ಇಂಟೆಲಿಯಾ 2021ರಲ್ಲಿ ಪ್ರಯೋಗಿಸಿದ್ದ ಅದೇ ಔಷಧದ ದೊಡ್ಡ ಪ್ರಯೋಗವನ್ನು 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. ರೋಗಿಯೊಬ್ಬರ ಯಕೃತ್ತಿಗೆ ತೀವ್ರ ಹಾನಿಯಾಗಿತ್ತು. ದೇಹದೊಳಗೆ ಒಮ್ಮೆ ಮಾಡಿದ ತಿದ್ದುಪಡಿಯನ್ನು ಗುಳಿಗೆ ಬಿಟ್ಟಷ್ಟು ಸುಲಭವಾಗಿ ಹಿಂಪಡೆಯಲಾಗದು. ವಿಳಾಸ ತಪ್ಪಿ ಬೇರೆಡೆ ಕತ್ತರಿಸಿದರೆ ಪರಿಣಾಮ ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. ಆದ್ದರಿಂದಲೇ ಚಿಕಿತ್ಸೆ ಪಡೆದವರ ಮೇಲೆ 15 ವರ್ಷಗಳ ನಿಗಾ ಇಡಲಾಗುತ್ತಿದೆ. ಇನ್ನು 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾಂಕುಯಿ ಭ್ರೂಣಗಳನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳ ಹುಟ್ಟಿಗೆ ಕಾರಣನಾಗಿ ಜೈಲು ಸೇರಿದ್ದು ಬೇರೆಯೇ ಮಾತು. ಅಲ್ಲಿ ಬದಲಾವಣೆ ಮುಂದಿನ ತಲೆಮಾರುಗಳಿಗೂ ಹರಿಯುತ್ತದೆ. ಸಿಕಲ್ ಸೆಲ್ ಚಿಕಿತ್ಸೆಯ ತಿದ್ದುಪಡಿ ರೋಗಿಯ ರಕ್ತಕೋಶಗಳಲ್ಲೇ ನಿಲ್ಲುತ್ತದೆ. ಮಕ್ಕಳಿಗೆ ಹೋಗುವುದು ಹಳೆಯ ಜೀನ್.

ನೀಲಗಿರಿಯಿಂದ ಬಿಳಿಗಿರಿಗೆ

ಭಾರತದಲ್ಲಿ ಸಿಕಲ್ ಸೆಲ್ ಇದೆ ಎಂದು ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ. ವರದಿ ಮಾಡಿದವರು ಲೆಹ್ಮನ್ ಮತ್ತು ಕಟ್‌ಬುಷ್. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾದ ಬುಡಕಟ್ಟುಗಳಲ್ಲಿ ಹೊರೆ ಹೆಚ್ಚು. ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸಮುದಾಯಗಳಲ್ಲಿ, ಸೋಲಿಗರಲ್ಲಿ, ಕುರುಬ ಬುಡಕಟ್ಟುಗಳಲ್ಲಿ ಇದು ಕಾಣಸಿಗುತ್ತದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ರೋಗದ ಪತ್ತೆ ಮತ್ತು ಆರೈಕೆಯಲ್ಲಿ ತೊಡಗಿರುವ ಸಂಸ್ಥೆ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ, ನಿರ್ಮೂಲನೆಗೆ ಗಡುವು 2047. ಕರ್ನಾಟಕವೂ ಸೇರಿ 17 ರಾಜ್ಯಗಳು ಇದರಲ್ಲಿವೆ. ತಪಾಸಣೆಯೇ ಚಿಕಿತ್ಸೆಯಲ್ಲ, ಆದರೆ ತಪಾಸಣೆಯಿಲ್ಲದೆ ಯಾವ ಚಿಕಿತ್ಸೆಯೂ ಇಲ್ಲ. ಹುಟ್ಟಿದಾಗಲೇ ರೋಗ ಗೊತ್ತಾದರೆ ಪೆನ್ಸಿಲಿನ್ ಮತ್ತು ಲಸಿಕೆಗಳಿಂದಲೇ ಎಷ್ಟೋ ಕೂಸುಗಳನ್ನು ಸೋಂಕಿನ ಸಾವಿನಿಂದ ಉಳಿಸಬಹುದು. ಜೊತೆಗೊಂದು ಜೋಪಾನವೂ ಬೇಕು. ವಾಹಕಿ ಎಂದು ಚೀಟಿ ಸಿಕ್ಕ ಹುಡುಗಿಗೆ ಅದೇ ಕಳಂಕವಾಗಿ ಮದುವೆ ತಪ್ಪಬಾರದು. ಫಲಿತಾಂಶ ಹೇಳುವವರು ಅದರ ಅರ್ಥವನ್ನೂ ಕೂತು ವಿವರಿಸಬೇಕು.

ನಮ್ಮ ಪ್ರಯೋಗಾಲಯಗಳು ಸುಮ್ಮನೆ ಕೂತಿಲ್ಲ. ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆಯಲ್ಲಿ ದೇಬೊಜ್ಯೋತಿ ಚಕ್ರವರ್ತಿ ಮತ್ತು ಸೌವಿಕ್ ಮೈತಿ ಅವರ ತಂಡ ಫ್ರಾನ್ಸಿಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಕ್ಯಾಸ್9 ಕಿಣ್ವವನ್ನು ಪಳಗಿಸಿತು. ಸಿಕಲ್ ಸೆಲ್‌ಗಾಗಿ ಆರಂಭವಾದ ಆ ಕೆಲಸವೇ 2020ರಲ್ಲಿ ಕೋವಿಡ್ ಪತ್ತೆಯ ‘ಫೆಲುದಾ’ ಪರೀಕ್ಷೆಯಾಯಿತು. 2025ರ ನವೆಂಬರ್‌ನಲ್ಲಿ ಇದೇ ಸಂಸ್ಥೆಯ ಸಿಕಲ್ ಸೆಲ್ ಕ್ರಿಸ್ಪರ್ ಚಿಕಿತ್ಸೆ ‘ಬಿರ್ಸಾ 101’ ಅನಾವರಣಗೊಂಡಿತು. ಬುಡಕಟ್ಟು ನಾಯಕ ಬಿರ್ಸಾ ಮುಂಡಾ ಅವರ ಹೆಸರು. ಉತ್ಪಾದನೆಯ ಹೊಣೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನದು. ಅನಾವರಣವೆಂದರೆ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದಲ್ಲ. ರೋಗಿಗಳ ಮೇಲಿನ ಪ್ರಯೋಗಗಳೆಂಬ ಉದ್ದದ ಹಾದಿ ಸವೆಸಬೇಕು.

ಬೆಲೆ ಇಳಿಸಲು ಸಾಧ್ಯ ಎಂಬುದಕ್ಕೆ ಪುರಾವೆಗಳಿವೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ರೂಪುಗೊಂಡು 2023ರಲ್ಲಿ ಮಂಜೂರಾದ ನೆಕ್ಸ್‌ಕಾರ್19 ಎಂಬ ರಕ್ತ ಕ್ಯಾನ್ಸರ್ ಚಿಕಿತ್ಸೆ ಅಮೆರಿಕದ ಬೆಲೆಯ ಸುಮಾರು ಹತ್ತನೇ ಒಂದು ಭಾಗಕ್ಕೆ ಸಿಗುತ್ತಿದೆ. ಅದೂ ರೋಗಿಯ ಕೋಶ ಹೊರತೆಗೆದು, ಮಾರ್ಪಡಿಸಿ, ಮರಳಿಸುವ ವಿಧಾನವೇ. ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ ಅಂಥದ್ದೇ ಚಿಕಿತ್ಸೆ ತಂದಿದೆ. ಬೆಂಗಳೂರಿನ ಇನ್‌ಸ್ಟೆಮ್‌ನ ಅಂಗವಾಗಿ ವೆಲ್ಲೂರಿನ ಸಿಎಂಸಿಯಲ್ಲಿರುವ ಕಾಂಡಕೋಶ ಸಂಶೋಧನಾ ಕೇಂದ್ರದ ವೈದ್ಯರು ಹಿಮೋಫಿಲಿಯಾ ಇರುವ ಐವರಿಗೆ ಜೀನ್ ಚಿಕಿತ್ಸೆ ಕೊಟ್ಟು, ಫಲಿತಾಂಶವನ್ನು 2024ರ ಕೊನೆಗೆ ಪ್ರಕಟಿಸಿದರು. ಆದರೆ ಹತ್ತನೇ ಒಂದು ಭಾಗ ಎಂದರೂ ಹತ್ತಾರು ಲಕ್ಷ. ಕೂಲಿಯ ಮೇಲೆ ಬದುಕುವ ಕುಟುಂಬಕ್ಕೆ 18 ಕೋಟಿಗೂ ಹತ್ತಾರು ಲಕ್ಷಕ್ಕೂ ವ್ಯತ್ಯಾಸವಿಲ್ಲ. ಖರ್ಚನ್ನು ಸರ್ಕಾರವೇ ಹೊರುವುದಾದರೆ ಮಾತ್ರ ಬೆಲೆ ಇಳಿದದ್ದಕ್ಕೆ ಅರ್ಥ.

ಸಾಲಿನಲ್ಲಿ ಮೊದಲು ಯಾವುದು

ಇಲ್ಲಿ ಹೈಡ್ರಾಕ್ಸಿಯೂರಿಯಾ ಕಡೆಗೆ ಮತ್ತೆ ನೋಡಬೇಕು. ರಕ್ತದ ಕ್ಯಾನ್ಸರಿಗೆ ಬಳಸುತ್ತಿದ್ದ ಈ ಔಷಧಕ್ಕೆ ಸಿಕಲ್ ಸೆಲ್‌ಗಾಗಿ ಅಮೆರಿಕ ಮಂಜೂರಾತಿ ಕೊಟ್ಟದ್ದು 1998ರಲ್ಲಿ. ಎಲ್ಲರಿಗೂ ಒಂದೇ ಹದದಲ್ಲಿ ಫಲಿಸದು, ನಿತ್ಯ ನುಂಗಬೇಕು, ಆಗಾಗ ರಕ್ತ ಪರೀಕ್ಷಿಸಿ ಪ್ರಮಾಣ ಹೊಂದಿಸಬೇಕು. ಆದರೂ ನೋವಿನ ಬಾಧೆಯನ್ನು ಗಣನೀಯವಾಗಿ ತಗ್ಗಿಸುತ್ತದೆ. ಕಾಲು ಶತಮಾನ ದಾಟಿದ ಮೇಲೂ ಬೇಕಾದವರೆಲ್ಲರಿಗೂ ಅದನ್ನು ಮುಟ್ಟಿಸಲಾಗಿಲ್ಲ. ಔಷಧ ಅಗ್ಗ, ಆದರೆ ಹಾಡಿಯಿಂದ ಆಸ್ಪತ್ರೆಗೆ ಬರುವ ಬಸ್ಸು, ಆ ದಿನ ಕಳೆದುಕೊಳ್ಳುವ ಕೂಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಕ್ ಇಲ್ಲದಿರುವುದು, ವೈದ್ಯರಿಗೇ ಇರುವ ಅಳುಕು, ಇವು ಅಗ್ಗವಲ್ಲ.

ನಾಳೆ ಒಂದೇ ಚುಚ್ಚುಮದ್ದಿನ ಜೀನ್ ಚಿಕಿತ್ಸೆ ಬಂದರೂ ಹೋಗಬೇಕಾದದ್ದು ಇದೇ ದಾರಿಯಲ್ಲಿ. ಯಾರಿಗೆ ರೋಗವಿದೆ ಎಂಬ ಪಟ್ಟಿ, ಅವರನ್ನು ಹೆಸರು ಹಿಡಿದು ಬಲ್ಲ ಆಶಾ ಕಾರ್ಯಕರ್ತೆ, ರಕ್ತ ಪರೀಕ್ಷಿಸುವ ತಾಲ್ಲೂಕು ಪ್ರಯೋಗಾಲಯ, ವರ್ಷಗಟ್ಟಲೆ ನಿಗಾ ಇಡುವ ದಾಖಲೆ, ಎಲ್ಲವೂ ಅದಕ್ಕೂ ಬೇಕು. ಹೀಗಾಗಿ ಗುಳಿಗೆಯೋ ಕ್ರಿಸ್ಪರೋ ಎಂಬ ವಾದವೇ ಅಸಂಬದ್ಧ. ಇವತ್ತು ಗುಳಿಗೆಯನ್ನು ಸರಿಯಾಗಿ ಮುಟ್ಟಿಸಲು ಕಟ್ಟುವ ವ್ಯವಸ್ಥೆಯೇ ನಾಳೆ ಕ್ರಿಸ್ಪರ್ ಹಿಡಿಯುವ ರಸ್ತೆ. ಜೀನ್ ತಿದ್ದುವ ಚಿಕಿತ್ಸೆ ಸರಳವಾಗುವುದು ವಿಜ್ಞಾನಿಗಳ ಕೆಲಸ. ಅದಕ್ಕೆ ಇನ್ನೆಷ್ಟು ವರ್ಷ ಹಿಡಿದೀತೋ. ರಸ್ತೆ ಸಿದ್ಧಮಾಡುವುದಕ್ಕೆ ಯಾವ ಹೊಸ ಆವಿಷ್ಕಾರವೂ ಬೇಕಿಲ್ಲ, ಅದನ್ನು ಈ ವರ್ಷದ ಬಜೆಟ್ಟಿನಲ್ಲೇ ಶುರುಮಾಡಬಹುದು.